ಅದು ನಾನಲ್ಲ, ಎಐ

ನಮ್ಮ ಹೋಟೆಲಿಗೆ ದಿನಾ ಬರುವುದು ಒಂದೇ ಪೇಪರ್. ಬಂದ ಕೂಡಲೇ ಅದು ಹಾಳೆ ಹಾಳೆಯಾಗಿ ಬಿಡಿಸಿಕೊಂಡು ಟೇಬಲ್ಲುಗಳಿಗೆ ಹಂಚಿಹೋಗುತ್ತದೆ. ಮೊದಲ ಪುಟ ಮೊದಲು ಬಂದವರಿಗೆ, ಜಿಲ್ಲೆಯ ಪುಟ ಜಗಳ ಬಲ್ಲವರಿಗೆ, ಆಟದ ಪುಟ ಮಧುಗಿರಿ ಬಸ್ಸಿಗೆ ಕಾಯುವ ಕಾಲೇಜು ಹುಡುಗರಿಗೆ. ವಾಣಿಜ್ಯ ಪುಟ ಮಾತ್ರ ಯಾರಿಗೂ ಬೇಡ. ಚಟ್ನಿ ಬೀಳದೆ, ಮಡಿಕೆ ಮುರಿಯದೆ ಅದು ಒಲೆಯ ಪಕ್ಕದಲ್ಲಿ ನನ್ನ ಪಾಲಿಗೆ ಉಳಿಯುತ್ತದೆ. ಹಿಟ್ಟು ಹುಯ್ದು ದೋಸೆ ಬೇಯುವಷ್ಟು ಹೊತ್ತು ನಾನು ಅದನ್ನು ಓದುತ್ತೇನೆ. ಹೀಗೆ ವರ್ಷಗಟ್ಟಲೆ ಓದಿ ಓದಿ, ಮಿಡಿಗೇಶಿಯಿಂದ ಪಾವಗಡದ ಕಡೆ ಹೋಗುವ ರಸ್ತೆಯಲ್ಲಿ ಅಮೆರಿಕದ ಕಂಪ್ಯೂಟರ್ ಕಂಪನಿಗಳ ವಿಚಾರ ಯಾರಿಗಾದರೂ ಗೊತ್ತಿದ್ದರೆ ಅದು ದೋಸೆ ಹುಯ್ಯುವ ಈ ಹೆಂಗಸಿಗೇ ಎನ್ನುವ ಹಾಗಾಗಿದೆ. ಇದನ್ನು ಜಂಬ ಅಂದುಕೊಂಡರೂ ಸರಿ, ನನಗೇನೂ ಬೇಜಾರಿಲ್ಲ.

ನನ್ನ ಅಭಿಪ್ರಾಯಗಳಿಗೆ ಕಾಯಂ ವಿರೋಧ ಪಕ್ಷ ಎಂದರೆ ಎದುರು ಅಂಗಡಿಯ ಟೈಲರ್ ಸಾಬರು. ಸಿರಾದವರು, ಇಲ್ಲಿ ಬಂದು ನೆಲೆಸಿ ಬಹಳ ಕಾಲವಾಯಿತು. ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯುವ ಮುಂಚೆ ಇಲ್ಲಿ ಕೂತು ಎರಡು ದೋಸೆ ತಿನ್ನುತ್ತಾರೆ, ನಾನು ಏನಂದರೂ ಅದಕ್ಕೆ ಅಡ್ಡ ಮಾತಾಡುತ್ತಾರೆ. ಒಂದು ಸಲ ದೊಡ್ಡ ದೊಡ್ಡ ಕಂಪನಿಯ ಯಜಮಾನರೆಲ್ಲ ಅಮೆರಿಕದ ಪ್ರೆಸಿಡೆಂಟರ ಹಿಂದೆ ಸಾಲಾಗಿ ನಿಂತ ಫೋಟೊ ಬಂದಿತ್ತು. ನಾನು ಅದನ್ನು ಅವರ ಮುಂದೆ ಹಿಡಿದೆ.

"ನೋಡಿ ಭಾಯ್, ಮದ್ವೆ ಮನೇಲಿ ಬೀಗರು ಮೊದಲ್ನೇ ಪಂಕ್ತಿಗೆ ಎಲೆ ಹಿಡ್ಕೊಂಡಂಗೆ ನಿಂತವ್ರೆ. ಕಂಪ್ನಿ ಇಟ್ಕಂಡೋನು ಕಂಪ್ನಿ ನೋಡ್ಕೋಬೇಕು, ಸರ್ಕಾರ ನಡ್ಸೋನು ಸರ್ಕಾರ ನೋಡ್ಕೋಬೇಕು. ಇಬ್ರೂ ಒಂದೇ ಎಲೇಲಿ ಉಂಡ್ರೆ ಬಿಲ್ಲು ನಮ್ಗೇ ಬರೋದು."

"ಅರೆ, ಎಲ್ಲಿ ಅಮೆರಿಕ ಎಲ್ಲಿ ನಾವು! ಅವ್ರು ಉಂಡ್ರೆ ನಿಮ್ಗೇನಕ್ಕಾ ಹೊಟ್ಟೆನೋವು? ಫೋನು ಸಸ್ತಾ ಆಗೈತೆ, ಖುಷಿಯಾಗಿರಿ. ಚಟ್ನಿ ಹಾಕಿ."

ಹೀಗೆ ನಡೆಯುತ್ತಿತ್ತು ನಮ್ಮ ಅಧಿವೇಶನ. ರೀಚಾರ್ಜ್ ಮಾಡಿಸಿದರೆ ಎಐ ಪುಕ್ಕಟೆ ಎಂದು ಕಂಪನಿಗಳು ಹಂಚಲು ಶುರುಮಾಡಿದಾಗ, ಪುಕ್ಕಟೆ ಸಿಕ್ಕಿದರೆ ನನಗೊಂದು ನಮ್ಮಪ್ಪನಿಗೊಂದು ಎಂದು ಎಲ್ಲರೂ ಹಾಕಿಸಿಕೊಂಡರು. ಸಾಬರೂ ಹಾಕಿಸಿಕೊಂಡರು. ಹಸುವಿಗೆ ಮೊದಲು ಬೂಸಾ ತಿನ್ನಿಸಿ ಆಮೇಲೆ ತಾನೆ ಹಾಲು ಕರೆಯುವುದು ಎಂದು ನಾನು ಹೇಳಿದ್ದಕ್ಕೆ ನಕ್ಕರು. ಒಂದೇ ಪುಟದಲ್ಲಿ ಮೇಲುಗಡೆ ಕಂಪನಿಗೆ ಭಾರಿ ಲಾಭ, ಕೆಳಗಡೆ ಅದೇ ಕಂಪನಿಯಲ್ಲಿ ಸಾವಿರಾರು ಜನಕ್ಕೆ ಮನೆಗೆ ಹೋಗಿ ಅಂತ ಇಮೇಲ್ ಹೋದ ಸುದ್ದಿ ಬಂದರೆ ನನಗೆ ಮೈ ಉರಿಯುತ್ತದೆ. ಕೆಲಸ ಬಿಡಿಸುವುದಾದರೆ ಕರೆದು ಕೂರಿಸಿ ಹೇಳಬೇಕಪ್ಪ. ತಟ್ಟೆ ತೊಳೆಯಲು ಬರುವವಳನ್ನು ಕೂಡ ನಾನು ಹಾಗೆ ಕಳಿಸುವವಳಲ್ಲ. ಪಾವಗಡದ ಬಿಸಿಲಿನಿಂದ ಕರೆಂಟು ಮಾಡುತ್ತಾರಲ್ಲ, ಅದು ತಂತಿ ಹಿಡಿದು ಎಲ್ಲೆಲ್ಲಿಗೆ ಹೋಗಿ ಯಾವ ಎಐ ಹೊಟ್ಟೆ ತುಂಬಿಸುತ್ತದೋ ನನಗೆ ತಿಳಿಯದು. ಆ ಬಿಸಿಲಲ್ಲಿ ಬೆಂದವರು ನಾವು, ಒಂದು ಮಾತು ಕೇಳಬಹುದಿತ್ತು ಅನ್ನಿಸುತ್ತದೆ.

ಆ ದಿನಗಳಲ್ಲಿ ನನ್ನ ತಲೆಗೆ ಹತ್ತಿದ್ದು ನಕಲಿ ವಿಡಿಯೋಗಳ ವಿಚಾರ. ಬೇರೆ ರಾಜ್ಯದಲ್ಲಿ ಯಾವತ್ತೋ ತೀರಿಕೊಂಡ ಮುಖಂಡರು ಸ್ಕ್ರೀನಿನ ಮೇಲೆ ಎದ್ದುಬಂದು ಓಟು ಕೇಳಿದರಂತೆ ಎಂದು ಓದಿದೆ. ಓದಿದ ಮೇಲೆ ಸುಮ್ಮನಿರುವುದು ನನ್ನ ಜಾತಕದಲ್ಲೇ ಇಲ್ಲ.

"ಇನ್ಮೇಲೆ ಯಾವ ವಿಡಿಯೋನೂ ನಂಬ್ಬೇಡ್ರಪ್ಪ. ಮುಖ ಯಾರ್ದೋ, ಮಾತು ಯಾರ್ದೋ. ನಾಳೆ ನಾನೇ ಬಂದು ದೋಸೆ ಪುಕ್ಕಟೆ ಅಂದ್ರೂ ನಂಬ್ಬೇಡಿ, ಅದು ಎಐ" ಎಂದು ಮಗುಚುವ ಕೈ ಎತ್ತಿ ಎತ್ತಿ ಸಾರಿದೆ. ಹಾಲು ಹಾಕಿ ವಾಪಸಾಗುತ್ತ ಕಾಫಿಗೆ ಕೂರುವ ಹೆಂಗಸರೂ ಬಾಯಿ ಬಿಟ್ಟುಕೊಂಡು ಕೇಳಿದರು. ಕೇಳಿದವರಲ್ಲಿ ಡೇರಿ ಚುನಾವಣೆಗೆ ನಿಲ್ಲಲಿದ್ದ ಹೆಂಗಸೂ ಒಬ್ಬಳಿದ್ದಳು.

ಡೇರಿಯ ವಿಷಯ ಇಲ್ಲಿ ಹೇಳಲೇಬೇಕು. ನಮ್ಮದು ಹೆಂಗಸರ ಹಾಲಿನ ಸಂಘ. ಡೇರಿ ಇರುವುದು ಊರೊಳಗೆ, ನಮ್ಮ ಪಾಳ್ಯ ಇರುವುದು ಕೆರೆಯ ಈಚೆ ದಡದಲ್ಲಿ. ಪಾಳ್ಯದ ಹೆಂಗಸರು ಬೆಳಿಗ್ಗೆ ಸಂಜೆ ಕ್ಯಾನು ಹಿಡಿದು ಕೆರೆ ಏರಿಯ ಮೇಲೆ ನಡೆದು ಹೋಗಬೇಕು. ಹಾಲಿನ ಗಾಡಿ ಹೊರಟುಬಿಟ್ಟರೆ ಹಾಲು ವಾಪಸ್. ನಮ್ಮ ಪಕ್ಕದ ಮನೆಯ ಅಜ್ಜಿಗೆ ಒಂದೇ ಹಸು, ಅದರ ಅಮ್ಮನನ್ನೂ ಅವಳೇ ಸಾಕಿದ್ದಳು. ಮಗ ಸೊಸೆ ಇಬ್ಬರೂ ಬೆಳಕು ಹರಿಯುವ ಮುಂಚೆ ಗಾರ್ಮೆಂಟ್ಸ್ ಬಸ್ಸು ಹತ್ತುವವರು. ಏರಿಯ ಮೇಲೆ ಒಂದು ಸಲ ಜಾರಿಬಿದ್ದ ಮೇಲೆ ಅಜ್ಜಿಯ ಸೊಂಟ ಹಿಡಿದುಕೊಂಡಿತ್ತು. ಪಾಳ್ಯದಲ್ಲೇ ಹಾಲು ಹಿಡಿದು ಆಟೋದಲ್ಲಿ ಕಳಿಸುವ ಏರ್ಪಾಡಾದರೆ ಹಸು ಉಳಿಯುತ್ತದೆ, ಇಲ್ಲದಿದ್ದರೆ ಮಾರಿಬಿಡೋಣ ಎಂದು ಮಗ ಹೇಳಿದ್ದ. ಅವನದೂ ತಪ್ಪಲ್ಲ. ಆದರೆ ಆ ಮಾತು ಬಂದಾಗಲೆಲ್ಲ ಅಜ್ಜಿ ಎದ್ದು ಕೊಟ್ಟಿಗೆಗೆ ಹೋಗಿಬಿಡುತ್ತಿದ್ದಳು.

ಚುನಾವಣೆಗೆ ನಿಂತ ಆ ಹೆಂಗಸು ಓಟು ಕೇಳಲು ಪಾಳ್ಯಕ್ಕೆ ಬಂದಳು. ದೀಪ ಹಚ್ಚುವ ಹೊತ್ತು. ಅಜ್ಜಿಯ ಜಗಲಿಯಲ್ಲಿ ನಾವೆಲ್ಲ ಸೇರಿದ್ದೆವು. ಅಜ್ಜಿ ಅವಳಿಗೆ ಕುಂಕುಮವಿಟ್ಟು, ಮಡಿಲಿಗೆ ಅಕ್ಕಿ ಹಾಕಿ, ಎಲೆ ಅಡಿಕೆ ಬಾಳೆಹಣ್ಣು ಕೈಗಿಟ್ಟು ಕೇಳಿದಳು. "ಗೆದ್ರೆ ನಮ್ಮ ಪಾಳ್ಯದಾಗೆ ಹಾಲು ಹಿಡಿಸ್ತೀಯೇನವ್ವಾ?"

"ಹಿಡಿಸ್ತೀನಿ ಕಣಜ್ಜಿ, ಮೊದಲ್ನೇ ಕೆಲ್ಸ ಅದೇ" ಎಂದಳು ಅವಳು. ಮನಸಾರೆ ಅಂದಳು, ಅದು ನನಗೆ ಈಗಲೂ ಗೊತ್ತು. ಲೋಕಜ್ಞಾನಿಯಾದ ನಾನು ಸಾಕ್ಷಿಗಿರಲಿ ಎಂದು ಫೋನಿನಲ್ಲಿ ವಿಡಿಯೋ ಹಿಡಿದಿದ್ದೆ.

ಪಾಳ್ಯದ ಓಟೆಲ್ಲ ಅವಳಿಗೇ ಬಿತ್ತು. ಗೆದ್ದಳು, ಗೆದ್ದ ನಿರ್ದೇಶಕಿಯರು ಸೇರಿ ಅವಳನ್ನೇ ಅಧ್ಯಕ್ಷೆ ಮಾಡಿದರು. ಆಮೇಲೆ ನೋಡಿ, ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ! ಅವಳ ಗಂಡ ಒಬ್ಬ ಮುಖಂಡರ ಹಿಂದೆ ಓಡಾಡುವವನು. ಆ ಮುಖಂಡರಿಗೆ ಓಟು ಜಾಸ್ತಿ ಇರುವುದು ಆಚೆ ದಿಕ್ಕಿನ ಇನ್ನೊಂದು ಪಾಳ್ಯದಲ್ಲಿ, ಹಾಲು ಹಿಡಿಯುವ ಕೇಂದ್ರ ಅಲ್ಲೇ ಆಗಲಿ ಎಂದು ಅವರು ಹೇಳಿಕಳಿಸಿದರಂತೆ. ನಾನು ಡೇರಿಗೆ ಹೋಗಿ ಎಲ್ಲರ ಎದುರಿಗೆ ವಿಡಿಯೋ ತೋರಿಸಿ, ಕೊಟ್ಟ ಮಾತು ಏನಾಯಿತಮ್ಮ ಎಂದೆ. ಅವಳು ಫೋನಿನ ಕಡೆ ನೋಡಿದಳು, ನನ್ನ ಕಡೆ ನೋಡಲಿಲ್ಲ.

"ಅದು ನಾನಲ್ಲಕ್ಕಾ. ಅದು ಎಐ."

ಹೋಟೆಲಿಗೆ ಬಂದು ಹಿಟ್ಟಿನ ಪಾತ್ರೆ ಕುಕ್ಕಿದೆ. ನನ್ನ ಯಜಮಾನರು ಸದ್ದಿಲ್ಲದೆ ಹಿಂದುಗಡೆ ಕಾಯಿ ತುರಿಯಲು ಹೋದರು. ಸಾಬರು ಮಾತ್ರ ಕದಲಲಿಲ್ಲ.

"ಪಾಠ ಏಳ್ಕೊಟ್ಟೋರು ನೀವೇ ಅಲ್ವೇನಕ್ಕಾ? ಇಲ್ಲೇ, ಈ ಬೆಂಚಲ್ಲೇ ಕುಂತು ಕಲ್ತಳು."

"ತಿಂದು ಎದ್ದೋಗ್ರೀ ಸುಮ್ನೆ!" ಅಂದೆ. ಸಿಟ್ಟಿಗೆ ಅಂದೆನೇ ಹೊರತು, ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಸುಳ್ಳು ವಿಡಿಯೋ ಬಂದು ನಿಜವನ್ನು ಹಾಳುಮಾಡುತ್ತದೆ ಎಂದು ನಾನು ಹೆದರಿದ್ದೆ. ನಿಜವಾದ ವಿಡಿಯೋವನ್ನೇ ಸುಳ್ಳು ಅಂದು ಬಚಾವಾಗಬಹುದು ಎಂಬುದು ಹೊಳೆದಿರಲಿಲ್ಲ. ದೊಡ್ಡ ದೊಡ್ಡ ದೇಶಗಳ ರಾಜಕಾರಣಿಗಳೂ ಸಿಕ್ಕಿಬಿದ್ದಾಗ ಇದನ್ನೇ ಹೇಳುತ್ತಾರೆ ಎಂದು ಆಮೇಲೆ ಅದೇ ವಾಣಿಜ್ಯ ಪುಟದಲ್ಲಿ ಓದಿದೆ. ಅವರಿಗೆ ಯಾವ ಹೋಟೆಲಿನಲ್ಲಿ ಪಾಠವಾಯಿತೋ.

ಮುಂದಿನ ದಿನಗಳೆಲ್ಲ ಆ ವಿಡಿಯೋದ ಪರೀಕ್ಷೆಯಲ್ಲೇ ಕಳೆದವು. ಕಂಡ ಕಂಡವರಿಗೆ ತೋರಿಸಿದೆ. ಕೊರಟಗೆರೆಯಿಂದ ಬಂದಿದ್ದ ನೆಂಟನೊಬ್ಬ ದೊಡ್ಡದು ಮಾಡಿ ಚಿಕ್ಕದು ಮಾಡಿ ನೋಡಿ, ಒಂದು ಕಿವಿಯ ಓಲೆ ಇನ್ನೊಂದಕ್ಕಿಂತ ದಪ್ಪ ಕಾಣುತ್ತದೆ, ಅನುಮಾನ ಎಂದ. ಇನ್ನೊಬ್ಬ ಎಐ ಆದರೆ ಬೆರಳು ಆರಿರುತ್ತದಂತೆ ಎಂದು ಅವಳ ಬೆರಳು ಎಣಿಸಿದ. ಮತ್ತೊಬ್ಬ ಬಾಳೆಹಣ್ಣು ನಿಜ, ಹೆಂಗಸು ಸುಳ್ಳು ಎಂದು ತೀರ್ಪು ಕೊಟ್ಟ. ಜಗಲಿಯ ಮೇಲೆ ನಮ್ಮ ಜೊತೆಗೇ ಕೂತಿದ್ದ ಹೆಂಗಸೊಬ್ಬಳು ವಿಡಿಯೋ ನೋಡಿ, "ಹೌದಲ್ಲಕ್ಕ, ನನ್ನ ಮುಖಾನೂ ಒಂದು ಥರಾ ಐತೆ" ಅಂದುಬಿಟ್ಟಳು. ಅಯ್ಯೋ ನನ್ನ ಕರ್ಮವೇ ಎಂದು ಹಣೆ ಚಚ್ಚಿಕೊಂಡೆ.

ಇತ್ತ ಹಸು ನೋಡಲು ದಲ್ಲಾಳಿ ಬಂದೇಬಿಟ್ಟ. ಬಾಯಿ ಬಿಡಿಸಿ ಹಲ್ಲು ನೋಡಿದ, ಬೆನ್ನು ತಟ್ಟಿದ, ಸಂತೆಯ ದಿನ ಬರುತ್ತೇನೆ ಎಂದು ಹೋದ. ಮಾರನೇ ದಿನ ನಾನು ಅಜ್ಜಿಯ ಪಕ್ಕ ಕೂತು ಅದೇ ವಿಡಿಯೋ ಮತ್ತೆ ತೆಗೆದೆ. ಇದನ್ನು ತುಮಕೂರಿಗೆ ಕಳಿಸಿ ಅಸಲಿಯೋ ನಕಲಿಯೋ ಹೇಳಿಸಬಹುದಂತೆ ಎಂದು ಶುರುಮಾಡಿದೆ. ಅಜ್ಜಿ ಫೋನನ್ನು ಪಕ್ಕಕ್ಕೆ ತಳ್ಳಿದಳು.

"ಆ ಡಬ್ಬ ಒಳಗಿಕ್ಕೇ ಮಾರಾಯ್ತಿ. ನಾನು ಕೊಟ್ಟ ಈಳ್ಯ ಈಸ್ಕಂಡ್ಲಲ್ಲ, ಅದನ್ನ ಈಸ್ಕಂಡಿದ್ದೂ ಮಿಷಿನ್ನಾ?"

ನಾನು ಫೋನು ಒಳಗಿಟ್ಟೆ. ನಮ್ಮ ಕಡೆ ಹೆಣ್ಣು ಗೊತ್ತುಮಾಡುವುದು ವೀಳ್ಯದಲ್ಲಿ. ಎಲೆ ಅಡಿಕೆ ಕೈಯಿಂದ ಕೈಗೆ ಹೋಯಿತೆಂದರೆ ಮಾತು ಮುಗಿಯಿತು. ಸಂಬಂಧ ಮುರಿಯಬೇಕಾದರೆ ಸುಮ್ಮನೆ ಬೇಡ ಅಂದರೆ ಆಗುವುದಿಲ್ಲ, ತೆಗೆದುಕೊಂಡ ವೀಳ್ಯವನ್ನು ಮನೆಯ ಹೊಸ್ತಿಲಲ್ಲಿ ವಾಪಸ್ ಕೊಡಬೇಕು. ಹಾಗೆ ಕೊಟ್ಟ ಮನೆಯಿಂದ ಆಮೇಲೆ ಯಾರೂ ಸುಲಭಕ್ಕೆ ವೀಳ್ಯ ತೆಗೆದುಕೊಳ್ಳುವುದಿಲ್ಲ. ಇದು ನನಗೆ ಹುಟ್ಟಿದಾಗಿನಿಂದ ಗೊತ್ತು. ಗೊತ್ತಿದ್ದೂ ಇಷ್ಟು ದಿನ ಕಿವಿಯೋಲೆಯ ದಪ್ಪ ಅಳೆಯುತ್ತ ಕೂತಿದ್ದೆ.

ಮರುದಿನ ಬೆಳಿಗ್ಗೆ ಹಾಲು ಹಾಕಿ ಬಂದವರೇ ಪಾಳ್ಯದ ಹೆಂಗಸರೆಲ್ಲ ಅಧ್ಯಕ್ಷೆಯ ಮನೆಗೆ ಹೊರಟೆವು. ಹೋಟೆಲನ್ನು ಯಜಮಾನರಿಗೆ ಬಿಟ್ಟೆ. ಕೆರೆ ಏರಿ ದಾಟುವಾಗ ಅಜ್ಜಿ ಅಲ್ಲಲ್ಲಿ ನಿಂತು ನಿಂತು ಬಂದಳು, ನಾನು ತೋಳು ಹಿಡಿದಿದ್ದೆ. ಅಧ್ಯಕ್ಷೆ ಬಾಗಿಲಲ್ಲಿ ರಾಗಿ ಕೇರುತ್ತಿದ್ದಳು. ಒಳಗೆ ಟಿವಿಯಲ್ಲಿ ಯಾರೋ ಕೂಗಾಡುತ್ತ ರಾಜಕೀಯ ಚರ್ಚೆ ಮಾಡುತ್ತಿದ್ದರು, ಅವಳ ಗಂಡ ಅದರ ಮುಂದೆ ಕೂತಿದ್ದ. ನಮ್ಮನ್ನು ನೋಡಿ ಅವಳು ಮೊರ ಕೆಳಗಿಟ್ಟು ಎದ್ದು, "ಬನ್ನಿ, ಕುಂತ್ಕಳಿ" ಅಂದಳು. ಯಾರೂ ಕೂರಲಿಲ್ಲ.

ಅಜ್ಜಿ ಹೊಸ್ತಿಲ ಮುಂದೆ ನಿಂತು ಸೆರಗು ಒಡ್ಡಿದಳು. "ಜಗಳಕ್ಕೆ ಬಂದಿಲ್ಲ ಕಣವ್ವ. ನೀನು ಆಡಿದ್ದು ಸುಳ್ಳೇ ಇರ್ಲಿ, ನಿಜಾನೇ ಇರ್ಲಿ. ನಮ್ಮ ಈಳ್ಯ ನಮ್ಗೆ ವಾಪಸ್ ಕೊಟ್ಬುಡು. ಸಂತೆ ದಿನ ಹಸ ಓಯ್ತದೆ, ಅದ್ಕೆ ಮುಂಚೆ ಈ ಲೆಕ್ಕ ಮುಗೀಲಿ."

ಅಜ್ಜಿ ಒಡ್ಡಿದ ಸೆರಗನ್ನೇ ಅಧ್ಯಕ್ಷೆ ನೋಡುತ್ತ ನಿಂತಳು. ಮದುವೆ ವಯಸ್ಸಿಗೆ ಬಂದ ಅವಳ ಮಗಳು ಅಡುಗೆಮನೆಯ ಬಾಗಿಲಿಗೆ ಬಂದು ನಿಂತಿತ್ತು. ನನಗೆ ಆ ಕ್ಷಣ ಅಧ್ಯಕ್ಷೆಯ ಮೇಲಿದ್ದ ಸಿಟ್ಟೆಲ್ಲ ಇಳಿದುಹೋಯಿತು. ಪಾಪ, ಅವಳನ್ನು ಒಳಗಿನಿಂದ ಒಬ್ಬ ಎಳೆಯುತ್ತಿದ್ದ, ಹೊರಗಿನಿಂದ ನಾವು ಎಳೆಯುತ್ತಿದ್ದೆವು. ಮಾತು ಕೊಡುವಾಗ ಅವಳ ಮುಖದಲ್ಲಿದ್ದ ಗೆಲುವನ್ನು ನಾನು ಕಣ್ಣಾರೆ ಕಂಡಿದ್ದೆ. ಕೊಟ್ಟುಬಿಡಬೇಡ ತಾಯಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ.

ಅವಳು ಮುಂದೆ ಬಂದು ಅಜ್ಜಿಯ ಸೆರಗನ್ನು ತನ್ನ ಕೈಯಾರೆ ಮಡಿಸಿ, ತಿರುಗಿ ಹೆಗಲಿಗೆ ಹಾಕಿದಳು.

"ಅದು ನಾನೇ ಕಣಜ್ಜಿ" ಅಂದಳು, ಪಕ್ಕದಲ್ಲಿದ್ದ ನನಗೇ ಅರೆಬರೆ ಕೇಳಿಸಿತು.

"ಕಿವಿ ಮಂದ ಕಣವ್ವ. ಏನಂದೆ?"

"ಅದು ನಾನೇ ಅಂದೆ! ಮಿಷಿನ್ನೂ ಅಲ್ಲ, ಇನ್ನೊಬ್ರೂ ಅಲ್ಲ. ಮಾತು ಕೊಟ್ಟೋಳು ನಾನೇ. ನಿಮ್ಮ ಪಾಳ್ಯದಾಗೇ ಹಾಲು ಹಿಡಿಸ್ತೀನಿ, ಹಸ ಮಾರ್ಬೇಡ." ಈ ಸಲ ಬೀದಿಯ ತುದಿಗೂ ಕೇಳಿಸಿತು. ಕಣ್ಣು ಒರೆಸಿಕೊಂಡು ಅವಳು ಮನೆಯೊಳಕ್ಕೆ ತಿರುಗಿದಳು. "ಒಳಗಿರೋರ್ಗೂ ಕೇಳಿಸ್ತಾ?"

ಟಿವಿಯ ಕೂಗಾಟ ನಿಂತಿತು.

"ಕೇಳಿಸ್ತು" ಅಂದ ಗಂಡ.