ಕಿವಿ ಕೇಳದ ಮಗಳು

ನನ್ನ ತಮ್ಮನ ಮಗಳು ಸರಕಾರದ ಲೆಕ್ಕದಲ್ಲಿ ಕಿವುಡಿ ಎಂದು ನನಗೆ ಗೊತ್ತಾದದ್ದು ನಾಸಿಕದ ನನ್ನ ಮನೆಯ ಅಡುಗೆಮನೆಯಲ್ಲಿ. ಹುಡುಗಿ ನನ್ನ ಜೊತೆಗೇ ಇದ್ದಳು. ಸೇನೆಯಲ್ಲಿ ಅಧಿಕಾರಿಯಾಗಬೇಕೆಂದು ಹಠ ಹಿಡಿದು, ಪ್ರವೇಶ ಪರೀಕ್ಷೆಯ ತರಬೇತಿಗೆಂದು ಛತ್ರಪತಿ ಸಂಭಾಜಿನಗರದ ಮನೆ ಬಿಟ್ಟು ಬಂದಿದ್ದಳು. ಕುಕ್ಕರಿನ ಸೀಟಿ ಎಷ್ಟಾಯಿತೆಂದು ನಾನು ಮರೆತರೆ ಒಳಕೋಣೆಯಲ್ಲಿ ಓದುತ್ತ ಕೂತವಳೇ ಕೂಗಿ ಹೇಳುತ್ತಿದ್ದಳು. ಅಂಥ ಕಿವಿ ಅವಳದು.

ನಾವು ಬೀದರ ಜಿಲ್ಲೆಯವರು. ನಾನು ಬ್ಯಾಂಕಿನ ವರ್ಗಾವಣೆಯಿಂದ ಇಲ್ಲಿಗೆ ಬಂದವಳು, ತಮ್ಮ ಸಂಭಾಜಿನಗರದ ಚಿಕಲಠಾಣಾದ ಒಂದು ಕಾರ್ಖಾನೆಯಲ್ಲಿ ಮ್ಯಾನೇಜರ್. ಅಲ್ಲಿನ ನಮ್ಮ ಕಡೆಯ ಸಂಬಳದಾರರಿಗೆ ಒಂದು ರೂಢಿಯಿದೆ. ತೆರಿಗೆಯ ರಿಟರ್ನ್ ತುಂಬಿಸಲು ಹೊರಗಿನವರ ಹತ್ತಿರ ಹೋಗುವುದಿಲ್ಲ. ಭಾಲ್ಕಿ ಕಡೆಯವನೊಬ್ಬ ಏಜೆಂಟ್ ಇದ್ದಾನೆ. ಬಸವ ಜಯಂತಿಯ ಊಟದ ಪಂಕ್ತಿಯಲ್ಲೇ ಎಲ್ಲರೂ ತಮ್ಮ ಕಾಗದಪತ್ರ, ಪಾಸ್‌ವರ್ಡ್ ಎಲ್ಲ ಅವನ ಕೈಗೆ ಕೊಡುತ್ತಾರೆ. 'ನಮ್ಮಾಂವ' ಎಂಬ ಒಂದೇ ಮಾತು ಸಾಕು. ಕಟ್ಟಿದ ತೆರಿಗೆ ವಾಪಸು ಬಂದರೆ ಅದರಲ್ಲಿ ಅವನಿಗೆ ಪಾಲು. ಏನು ಬರೆದು ವಾಪಸು ತರಿಸಿದ ಎಂದು ಯಾರೂ ಕೇಳುವುದಿಲ್ಲ, ಯಾಕೆಂದರೆ ಎಲ್ಲರಿಗೂ ಗೊತ್ತು. ಸ್ವಂತ ಮನೆಯಲ್ಲಿ ಇರುವವನು ರಿಟರ್ನಿನಲ್ಲಿ ಬಾಡಿಗೆ ಕಟ್ಟಿದ್ದಾನೆ. ಇನ್ನೊಬ್ಬ ಹೆಸರೇ ಕೇಳದ ಪಕ್ಷಕ್ಕೆ ದೇಣಿಗೆ ಕೊಟ್ಟಿದ್ದಾನೆ. ಹೋಳಿಗೆ ತಿಂದ ಕೈ ಒರೆಸಿಕೊಳ್ಳುತ್ತ ಅದೇ ಜನ ರಸ್ತೆಯ ಗುಂಡಿಗಾಗಿ ಸರಕಾರಕ್ಕೆ ಹಿಡಿಶಾಪ ಹಾಕುತ್ತಾರೆ. ನನಗೆ ಹೇಸಿಗೆ ಬಂದು ನಾಸಿಕದಿಂದ ಆ ಊಟಕ್ಕೆ ಹೋಗುವುದನ್ನೇ ಬಿಟ್ಟೆ. "ಮೇಡಮ್ಮೋರಿಗಿ ಸರಕಾರ ಶಾಲು ಹೊಚ್ಚತದ ನೋಡ್ರಿ" ಎಂದು ನಕ್ಕರಂತೆ. ನಗಲಿ.

ಈ ವರ್ಷ ಅಂಥವರಿಗೆಲ್ಲ ತೆರಿಗೆ ಇಲಾಖೆಯಿಂದ ಸಂದೇಶ ಬಂತು. ತಪ್ಪು ವಿನಾಯಿತಿ ಪಡೆದವರು ತಾವಾಗಿಯೇ ತಿದ್ದಿ, ಉಳಿದ ತೆರಿಗೆಯನ್ನು ಬಡ್ಡಿ ಸಮೇತ ಕಟ್ಟಬಹುದು. ಇಲ್ಲವಾದರೆ ದಾಖಲೆ ತೋರಿಸಬೇಕು. ಭಾಲ್ಕಿಯವನ ಫೋನು ಸ್ವಿಚ್ ಆಫ್. ಭಾನುವಾರ ಬೆಳಿಗ್ಗೆ ತಮ್ಮ ಕಾರು ತೆಗೆದುಕೊಂಡು ನನ್ನ ಮನೆಗೆ ಬಂದ. ದಾರಿಯಲ್ಲಿ ಯೇವಲಾದಲ್ಲಿ ಇಳಿದು ನನಗೊಂದು ಪೈಠಣಿ ಸೀರೆ ತಂದಿದ್ದ. ಹಬ್ಬವಿಲ್ಲ, ಹುಣ್ಣಿಮೆಯಿಲ್ಲ, ಇದೇನು ಎಂದುಕೊಂಡೆ.

"ಅಕ್ಕಾ, ಹುಡುಗಿನ್ನ ಎರಡು ದಿನ ಕರಕೊಂಡು ಹೋಗ್ತೀನಿ. ಆಕಿದು ಒಂದು ಸರ್ಟಿಫಿಕೇಟ್ ಮಾಡಸಬೇಕಾಗ್ಯದ" ಎಂದ.

"ಎಂಥಾ ಸರ್ಟಿಫಿಕೇಟು?"

ಆಗ ಹೊರಬಿತ್ತು. ಅಂಗವಿಕಲ ಮಕ್ಕಳನ್ನು ಸಾಕುವವರಿಗೆ ತೆರಿಗೆಯಲ್ಲಿ ವಿನಾಯಿತಿ ಇದೆ. ಅದಕ್ಕಾಗಿ ಎರಡು ವರ್ಷದಿಂದ ಅವನ ರಿಟರ್ನಿನಲ್ಲಿ ಮಗಳಿಗೆ ಕಿವಿ ಕೇಳುವುದಿಲ್ಲವೆಂದು ಬರೆದಿದೆ. ಈಗ ಆಸ್ಪತ್ರೆಯ ಕಾಗದ ಬೇಕು.

"ಆ ಭಾಲ್ಕಿಯಾಂವ ಹಿಂಗ ಬರದದ್ದು ನಿನಗ ಗೊತ್ತಿತ್ತೇನು?"

"ಗೊತ್ತಿತ್ತು. ಬರೇ ಕಾಗದದ ಮ್ಯಾಲ ಅಲ್ಲಕ್ಕಾ, ಯಾರಿಗಿ ಏನ್ ತ್ರಾಸು? ಪರಿಚಯದಾಂವ ಒಬ್ಬ ಇದ್ದಾನ. ಹುಡುಗಿ ಹೋಗಿ ಕೂತು ಎದ್ದು ಬಂದ್ರ ಸಾಕು, ಉಳಿದದ್ದು ಅಂವಾ ಬರಕೋತಾನ. ಆಕಿಗಿ ಬರೇ ಒಂದು ಚೆಕಪ್ ಅಂತ ಹೇಳೀನಿ."

"ನಾಳೆ ಸೇನೆಯವರು ಆಕಿ ಕಿವಿ ತಪಾಸಣಿ ಮಾಡ್ತಾರಲ್ಲೋ! ಕಿವುಡಿ ಅಂತ ಸರಕಾರದಾಗ ಹೆಸರು ಹತ್ತಿದ್ರ ಆಕಿ ಗತಿ ಏನು? ತಿದ್ದಿ ಕಟ್ಟಿಬಿಡು, ಮುಗೀತದ."

"ಬಡ್ಡಿ ಸುದ್ದಾ ಕಟ್ಟಬೇಕಲ್ಲಕ್ಕಾ" ಎಂದ. ಅವನ ಮುಖದಲ್ಲಿ ಆ ಹೊತ್ತಿಗೆ ಇದ್ದದ್ದು ಅದೊಂದೇ ಸಂಕಟ. "ಅದು ಬ್ಯಾರೆ ಖಾತೆ, ಇದು ಬ್ಯಾರೆ ಖಾತೆ. ಯಾರು ಜೋಡಿಸಿ ನೋಡ್ತಾರ?"

ಅವನು ದನಿ ತಗ್ಗಿಸಲೂ ಇಲ್ಲ. ಅವನ ಮನೆಯಲ್ಲಿ ಮಕ್ಕಳ ಜೊತೆ ಮರಾಠಿ, ಗಂಡ ಹೆಂಡತಿಯ ಗುಟ್ಟಿಗೆ ಕನ್ನಡ. ಇಲ್ಲಿನ ನಮ್ಮವರು ಬಹಳ ಮಂದಿ ಹೀಗೇ. ಮಗಳು ಮರಾಠಿಯಲ್ಲೇ ಉತ್ತರಿಸುತ್ತಾಳೆಂದು ಅವಳಿಗೆ ನಮ್ಮ ಮಾತು ತಿಳಿಯುವುದಿಲ್ಲ ಎಂದೇ ಅವನ ನಂಬಿಕೆ. ನಾನು ಅವಳ ಜೊತೆ ದಿನವೂ ಕನ್ನಡದಲ್ಲೇ ಜಗಳಾಡುವವಳು. ಅಡುಗೆಮನೆಯ ಪರದೆಯ ಆಚೆ ಹುಡುಗಿ ಓಟದ ಅಭ್ಯಾಸಕ್ಕೆ ಹೋಗಲು ಬೂಟಿನ ಲಾಡಿ ಕಟ್ಟುತ್ತ ಕೂತಿದ್ದಳು.

ತಮ್ಮ ಹೊರಗೆ ಹೋಗಿ, ಹೊರಡೋಣ ನಡಿ ಎಂದು ಮರಾಠಿಯಲ್ಲಿ ಕರೆದ. ಅವಳು ತಲೆ ಎತ್ತಲಿಲ್ಲ. ಇನ್ನೊಮ್ಮೆ ಜೋರಾಗಿ ಕರೆದ. ಲಾಡಿ ಬಿಚ್ಚಿ ಮತ್ತೆ ಕಟ್ಟತೊಡಗಿದಳು. ಅವನಿಗೆ ಸಿಟ್ಟು ಬಂದು ಬಾಯಿಗೆ ಕನ್ನಡವೇ ಬಂತು. "ಏ, ಕೇಳ್ಸಂಗಿಲ್ಲೇನು?"

"ಇಲ್ಲ ಪಪ್ಪಾ, ಕೇಳ್ಸಂಗಿಲ್ಲ" ಎಂದಳು, ಅಚ್ಚ ಬೀದರ ಕನ್ನಡದಲ್ಲಿ. "ನೀವೇ ಬರಿಸೀರಲ್ಲ."

ಎದ್ದು ಓಟದ ಅಭ್ಯಾಸಕ್ಕೆ ಹೊರಟುಹೋದಳು. ತಮ್ಮ ನನ್ನ ಕಡೆ ತಿರುಗಿ, ನೀನೇ ಹೇಳಿಕೊಟ್ಟಿದ್ದೀ ಎಂದ. ನಾನು ಸೀರೆಯ ಪೊಟ್ಟಣವನ್ನು ಅವನ ಕಾರಿನ ಸೀಟಿನ ಮೇಲಿಟ್ಟು ಬಂದೆ.

ಮಗಳು ಜೊತೆಗೆ ಬರದ ಮೇಲೆ ಬೇರೆ ದಾರಿಯಿಲ್ಲದೆ ಅವನು ರಿಟರ್ನ್ ತಿದ್ದಿ, ಬಡ್ಡಿ ಸಮೇತ ಕಟ್ಟಿದ. ಯಾರೋ ಜೇಬು ಕತ್ತರಿಸಿದರೆಂಬಂತೆ ಇವತ್ತಿಗೂ ಫೋನಿನಲ್ಲಿ ಅದನ್ನೇ ಗೊಣಗುತ್ತಾನೆ. ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತದೆ. ಗೊಣಗಿ ಮುಗಿದ ಮೇಲೆ ದನಿ ಮೆತ್ತಗೆ ಮಾಡಿ, "ಆಕಿ ಕೈಯಾಗ ಒಂದೀಟು ಕೊಡಕ್ಕಾ" ಅನ್ನುತ್ತಾನೆ.

ಪಪ್ಪನ ಫೋನು ಎಂದು ನಾನು ಕರೆಯುತ್ತೇನೆ. ಒಳಕೋಣೆಯಿಂದ ಕುಕ್ಕರಿನ ಸೀಟಿ ಎಣಿಸುವ ಹುಡುಗಿ ಪುಸ್ತಕದಿಂದ ತಲೆ ಎತ್ತುವುದಿಲ್ಲ.