ಇಶಾ ರೈ, ಅಷ್ಟೇ

ಬಹ್ರೈನಿನ ಮನಾಮಾದಲ್ಲಿ ನಾನು ಸರಕಾರಿ ಫಾರಂಗಳನ್ನು ಟೈಪು ಮಾಡಿಕೊಡುತ್ತೇನೆ. ಹೆಚ್ಚು ಮಾತಾಡುವುದಿಲ್ಲ. ಆ ಕೊರತೆಯನ್ನು ಗಿರಾಕಿಗಳು ತುಂಬುತ್ತಾರೆ.

ಮೊನ್ನೆ ಪುತ್ತೂರಿನ ಯುವಕನೊಬ್ಬ ಮಗಳ ಜನನ ಪತ್ರಕ್ಕೆ ಬಂದ. ಜೊತೆಗೆ ವಿಸಿಟ್ ವೀಸಾದಲ್ಲಿ ಬಂದಿದ್ದ ಅವನ ಅಪ್ಪ, ಮುಖ ಊದಿಸಿಕೊಂಡು.

“ಇಶಾ ರೈ, ಅಷ್ಟೇ ಅಂಕಲ್. ರೈ ಅನ್ನುವುದು ಇಷ್ಟೇ ಇಷ್ಟು. ಅದರ ಮುಂದೆ ಉದ್ದ ಹೆಸರು ಚಂದ ಕಾಣುವುದಿಲ್ಲ. ನಾನೂ ಹೆಂಡತಿಯೂ ಒಂಬತ್ತು ತಿಂಗಳು ಹುಡುಕಿದ್ದು.”

“ನನ್ನ ಹೆಸರೂ ಸೇರಿಸು ಅಂದೆ. ಉದ್ದ ಆಗ್ತದಂತೆ,” ಎಂದು ಅಪ್ಪ ಗೋಡೆಗೆ ಹೇಳಿದರು.

ನಾನು ಇಶಾ ಎಂದು ಟೈಪಿಸಿದೆ. “ನಿನ್ನ ಹೆಸರು?”

“ಪುರುಷೋತ್ತಮ.”

“ಅಪ್ಪನದು?”

“ಅದ್ಯಾಕೆ?”

“ಇಲ್ಲಿ ಮಗುವಿನ ಹೆಸರಿನ ಹಿಂದೆ ಅಪ್ಪ, ಅಪ್ಪನ ಹಿಂದೆ ಅಜ್ಜ ಬರಬೇಕು. ಅರಬರ ಪದ್ಧತಿ.”

“ಬೇಡ ಅಂದ್ರೆ?”

“ಫಾರಂ ವಾಪಸ್ ಬರ್ತದೆ.”

ಅವನು ಬಾಯಿ ತೆರೆಯುವ ಮೊದಲೇ ಅಪ್ಪ ಎದ್ದು ಬಂದು ನನ್ನ ಮೇಜಿಗೆ ಒರಗಿ ನಿಧಾನವಾಗಿ, ಬಿಡಿಸಿ ಬಿಡಿಸಿ ಹೇಳಿದರು: “ವೆಂಕಟರಮಣ.”

ಪರದೆಯ ಮೇಲೆ ಬಂತು: ಇಶಾ ಪುರುಷೋತ್ತಮ ವೆಂಕಟರಮಣ ರೈ.

ಯುವಕ ಫೋನ್ ಹಿಡಿದು ಹೊರಗೆ ಹೋದ. “ಕೇಳು, ಸಿಟ್ಟು ಮಾಡಬೇಡ...” ಎಂದಷ್ಟು ಕೇಳಿಸಿತು.

“ಒಳ್ಳೆ ದೇಶ ಮಾರಾಯ್ರೆ ಇದು,” ಎಂದರು ಅಜ್ಜ. ಹೊರಡುವಾಗ ಮೂರು ಜೆರಾಕ್ಸ್ ಕೇಳಿದರು. ಊರಲ್ಲಿ ತೋರಿಸಲಿಕ್ಕಂತೆ.

ಇಷ್ಟು ವರ್ಷದಲ್ಲಿ ನನ್ನ ಫಾರಂ ನೋಡಿ ನಕ್ಕವರು ಅವರೊಬ್ಬರೇ. ನಾನೂ ನಕ್ಕೆ, ಅವರು ಹೋದ ಮೇಲೆ.