ಅಲ್ ಖೋರಿನ ಅಲೆಯಿಲ್ಲದ ನೀರು

ಕಾರಿನ ಡಿಕ್ಕಿ ತೆಗೆದರೆ ಇವತ್ತೂ ಕೆಸರಿನ ವಾಸನೆ. ರಬ್ಬರ್ ಚಪ್ಪಲಿಗಳನ್ನು ಎಷ್ಟು ತೊಳೆದರೂ ಅದು ಹೋಗುವುದಿಲ್ಲ. ಆಫೀಸಿನವರು ಯಾರಾದರೂ ಜೊತೆಗೆ ಬಂದರೆ, ಮೀನಿನ ವ್ಯಾಪಾರವೂ ಇದೆಯೇ ಎಂದು ವಿಚಾರಿಸುತ್ತಾರೆ. ಅವರಿಗೆ ವಿವರಿಸುವುದು ಕಷ್ಟ. ನಿಮಗೆ ಹೇಳಬಹುದು, ನಿಮಗೆ ಸ್ವಲ್ಪ ಪುರುಸೊತ್ತಿದ್ದಂತೆ ಕಾಣುತ್ತದೆ.

ನಾವಿರುವುದು ದೋಹಾದಿಂದ ಉತ್ತರಕ್ಕೆ, ಅಲ್ ಖೋರ್ ಎಂಬ ಸಣ್ಣ ಊರಿನಲ್ಲಿ. ಎದುರಿಗಿರುವುದು ಸಮುದ್ರವೇ. ಆದರೆ ಕಾಪುವಿನ ಕಡಲು ನೋಡಿ ಬೆಳೆದ ನನಗೆ ಹಾಗೆನ್ನಲು ಬಾಯಿ ಬರುವುದಿಲ್ಲ. ಅಲೆಯಿಲ್ಲ, ಸದ್ದಿಲ್ಲ, ಎಷ್ಟು ದೂರ ನಡೆದರೂ ನೀರು ಮೊಣಕಾಲು ದಾಟುವುದಿಲ್ಲ. ನಾನು ಅದನ್ನು ಕೆರೆ ಎಂದೇ ಕರೆಯುತ್ತೇನೆ. ಚಳಿಗಾಲದಲ್ಲಿ ದೋಹಾದ ಜನರೆಲ್ಲ ಈ ಕೆರೆದಂಡೆಗೆ ಬಂದು ಕೋಳಿ ಸುಡುತ್ತಾರೆ. ಬೇಸಿಗೆಯಲ್ಲಿ ಬೆಕ್ಕೂ ಬರುವುದಿಲ್ಲ. ವರ್ಷವಿಡೀ ಬರುತ್ತಿದ್ದವರು ನನಗೆ ತಿಳಿದಂತೆ ನಫೀಸಕ್ಕ ಒಬ್ಬರೇ. ಉಳ್ಳಾಲದವರು, ನಮ್ಮ ಪಕ್ಕದ ಫ್ಲಾಟು, ಗಂಡನಿಗೆ ಟೈರಿನ ಅಂಗಡಿ.

ಕೊರೊನಾ ಕಾಲದಲ್ಲಿ ನನ್ನ ಹೆಂಡತಿ ಸುಮತಿಯ ಅಕ್ಕ ಊರಿನಲ್ಲಿ ತೀರಿಕೊಂಡರು. ತಾಯಿಯಿಲ್ಲದ ಸುಮತಿಯನ್ನು ಸಾಕಿದವರು ಅವರೇ. ವಿಮಾನಗಳು ನಿಂತಿದ್ದವು. ಬಾವ ಕೊನೆಯ ಕಾರ್ಯವನ್ನು ಫೋನಿನಲ್ಲಿ ತೋರಿಸಿದರು. ಅರ್ಧದಲ್ಲೇ ನೆಟ್‌ವರ್ಕ್ ಹೋಯಿತು ಎಂದಳು ಸುಮತಿ. ಆಮೇಲೆ ಅವಳು ಅಳಲಿಲ್ಲ. ಅಡುಗೆ ಮಾಡಿದಳು, ಬಟ್ಟೆ ಒಗೆದಳು, ಕಿಟಕಿಯ ಪರದೆ ಮಾತ್ರ ತೆರೆಯಲಿಲ್ಲ. ವಿಮಾನಗಳು ಮತ್ತೆ ಹಾರತೊಡಗಿದರೂ ಊರಿನ ಮಾತೆತ್ತಿದರೆ ಎದ್ದು ಒಳಗೆ ಹೋಗುತ್ತಿದ್ದಳು. ನಾನೂ ಸುಮ್ಮನಿರಲಿಲ್ಲ. ಯೋಗದ ವಿಡಿಯೋ ಕಳಿಸಿದೆ, ಪಕ್ಕದ ಕೋಣೆಯಿಂದ.

ಮುಂದಿನ ಬೇಸಿಗೆಯಲ್ಲಿ ಒಂದು ಸಂಜೆ ನಫೀಸಕ್ಕ ಬಂದು ಬಾಗಿಲಲ್ಲೇ ನಿಂತರು.

“ನಾಳೆ ಬೆಳಿಗ್ಗೆ ನನ್ನ ನಮಾಜ್ ಆದ ಕೂಡ್ಲೇ ನೀರಿಗೆ ಹೋಗುವ. ನೀನು ಮಾತಾಡ್ಬೇಕೂಂತ ಇಲ್ಲ ಸುಮತಿ. ಬಂದ್ರೆ ಸಾಕು.”

ಸುಮತಿ ಹೋದಳು. ಬೇಡ ಎನ್ನಬೇಕಾದರೂ ಮಾತಾಡಬೇಕಲ್ಲ, ಅದಕ್ಕೇ ಇರಬೇಕು. ಕಾರು ಓಡಿಸುವವನು ನಾನು. ಜುಲೈಯಲ್ಲಿ ಆ ನೀರು ಸ್ನಾನಕ್ಕೆ ಕಾಸಿಟ್ಟಂತಿರುತ್ತದೆ. ಇಬ್ಬರೂ ತೊಟ್ಟ ಬಟ್ಟೆಯಲ್ಲೇ ಅದರೊಳಗೆ ಹೋಗಿ ಕೂತರು. ಬಿಸಿಲೇರುವ ತನಕ ಕೂತು, ಎದ್ದು ಬಂದರು. ಇದನ್ನು ಹವ್ಯಾಸ ಎನ್ನಬಹುದೋ ಇಲ್ಲವೋ, ಮರುದಿನವೂ ಹೋದರು. ಧೂಳಿನ ಗಾಳಿಯಲ್ಲಿ ಹೋದರು, ಚಳಿಗೆ ಸ್ವೆಟರ್ ಹಾಕಿಕೊಂಡು ದಂಡೆಯುದ್ದ ನಡೆದರು. ನಾನು ಹಿಂದಿನಿಂದ ಚಪ್ಪಲಿ ಹಿಡಿದುಕೊಂಡು ನಡೆದೆ.

ಆ ಚಳಿಗಾಲದ ಒಂದು ಶುಕ್ರವಾರ, ಹತ್ತಿರದಲ್ಲಿ ಉಪ್ಪುನೀರಿನಲ್ಲೇ ಬೆಳೆದ ಕಾಂಡ್ಲಾ ಕಾಡಿನ ನಡುವೆ ಕಯಾಕ್ ನಡೆಸೋಣ ಎಂದರು ನಫೀಸಕ್ಕ. ದೋಣಿ ಬಾಡಿಗೆಗೆ ಕೊಡುವವನು ನೀರಿನ ಇಳಿತಕ್ಕೆ ಮೊದಲು ಮರಳಿ ಬನ್ನಿ ಎಂದು ಹೇಳಿಯೇ ಕಳಿಸಿದ್ದ. ಆದರೆ ನಫೀಸಕ್ಕನಿಗೆ ಫ್ಲೆಮಿಂಗೋ ನೋಡಬೇಕಿತ್ತು. ನೋಡಿದೆವು. ತಿರುಗುವಷ್ಟರಲ್ಲಿ ನೀರು ನಮ್ಮಡಿಯಿಂದ ಎದ್ದು ಹೋಗಿತ್ತು. ಹೆಂಗಸರ ದೋಣಿಯನ್ನು ದೂಡಲು ನಾನು ಗಂಡಸಿನಂತೆ ಇಳಿದೆ. ಇಳಿದವನು ತೊಡೆಯವರೆಗೆ ಕೆಸರಿನಲ್ಲಿ ಹೂತುಹೋದೆ. ದೋಣಿ ಇದ್ದಲ್ಲೇ ಇತ್ತು.

ನಫೀಸಕ್ಕ ಡಬ್ಬಿ ತೆರೆದು ಅಕ್ಕಿರೊಟ್ಟಿ ಹಂಚಿದರು. ನನಗೂ ಕೆಸರಿಗೇ ಒಂದನ್ನು ದಾಟಿಸಿದರು. ನಾನು ತಿನ್ನುವುದನ್ನು ನೋಡಿ ಸುಮತಿಗೆ ನಗು ಬಂತು. ನಕ್ಕು ನಕ್ಕು, ನಡುವೆ ನಿಲ್ಲಿಸಿದಳು.

“ಆ ದಿನ ನೆಟ್‌ವರ್ಕ್ ಹೋದದ್ದಲ್ಲ,” ಎಂದಳು ನಫೀಸಕ್ಕನಿಗೆ. “ನಾನೇ ಆಫ್ ಮಾಡಿದ್ದು. ಅಕ್ಕನನ್ನು ಹಾಗೆ ನೋಡ್ಲಿಕ್ಕೆ ಆಗ್ಲಿಲ್ಲ. ಈಗ ಊರಿಗೆ ಹೋಗಿ ಬಾವನ ಮುಖ ಹೇಗೆ ನೋಡುದು?”

ನಫೀಸಕ್ಕ ಕೈ ಒರೆಸಿಕೊಂಡರು. “ಒಳ್ಳೇದೇ ಮಾಡಿದ್ದು. ಅಷ್ಟು ಸಣ್ಣ ಫೋನಿನಲ್ಲಿ ಅಕ್ಕನನ್ನು ಕಳಿಸಿ ಕೊಡ್ಲಿಕ್ಕೆ ಯಾರಿಗೆ ಆಗ್ತದೆ?”

ಆಗ ಸುಮತಿ ಅತ್ತಳು. ಇಷ್ಟು ದಿನ ಒಳಗಿದ್ದದ್ದೆಲ್ಲ ಅಳುವಿನ ನಡುವೆ ಮಾತಾಗಿ ಹೊರಗೆ ಬಂತು. ಅವಳನ್ನು ಹಿಡಿದುಕೊಳ್ಳಬೇಕೆಂದು ನನಗೆ ತುಂಬ ಅನಿಸಿತು. ಕೆಸರಿನಿಂದ ಕಾಲು ಬರಲಿಲ್ಲ. ನಫೀಸಕ್ಕ ಹಿಡಿದುಕೊಂಡರು. ನೀರು ಮತ್ತೆ ಏರಿ ಬರುವ ತನಕ ನಾವು ಮೂವರೂ ಹಾಗೇ ಇದ್ದೆವು. ಮದುವೆಯಾದ ಮೇಲೆ ಸುಮತಿಯ ಮಾತನ್ನು ನಾನು ಅಷ್ಟು ಹೊತ್ತು, ಎಲ್ಲಿಗೂ ಎದ್ದುಹೋಗದೆ ಕೇಳಿದ್ದು ಅದೇ ಮೊದಲು.

ಆದರೂ ಊರಿನ ಮಾತು ಅವಳಾಗಿ ಎತ್ತಲಿಲ್ಲ. ನಾನೂ ಕೇಳಲಿಲ್ಲ. ವರ್ಷಗಳು ಹೋದವು. ನೀರಿಗೆ ಹೋಗುವುದನ್ನು ಮಾತ್ರ ಯಾರೂ ಬಿಡಲಿಲ್ಲ.

ಇವತ್ತು ಬೆಳಿಗ್ಗೆ ಮೂವರೂ ನೀರಿನಲ್ಲಿ ಕೂತಿದ್ದೆವು. ನಫೀಸಕ್ಕ ಮೊಣಕಾಲು ನೀವಿಕೊಳ್ಳುತ್ತಿದ್ದರು. ಸುಮತಿ ನನ್ನ ಕಡೆ ತಿರುಗದೆಯೇ ಹೇಳಿದಳು: “ಈ ರಜೆಗೆ ಊರಿಗೆ ಹೋಗುವ. ಮೊದಲು ಅಕ್ಕನ ಮನೆಗೆ. ನೀವು ಬಾವನಿಗೆ ಒಂದು ಫೋನ್ ಮಾಡಿ ಹೇಳಿ.”

ಫೋನು ಕಾರಿನಲ್ಲಿತ್ತು. ನಾನು ಬರಿಗಾಲಲ್ಲೇ ಓಡಿದೆ.